ಫ್ರಿಜ್ ಬಾಗಿಲಿನ ಸೆನ್ಸರ್

ಎಷ್ಟೋ ವರ್ಷಗಳ ಹಿಂದೆ, ಆಸ್ಪತ್ರೆಯಲ್ಲಿ ಮಲಗಿದ್ದ ಅಮ್ಮನ ಕೈ ಹಿಡಿದು ಉಮಾಪತಿ ಮಾತು ಕೊಟ್ಟಿದ್ದ...

"ನಿಮ್ಮಪ್ಪನ ಬಾಯಿಗೆ ಒಂದು ಚೂರೂ ಸಿಹಿ ಬೀಳದ ಹಾಗೆ ನೋಡ್ಕೊಳ್ತೀಯಾ?"
"ನೋಡ್ಕೊಳ್ತೀನಮ್ಮ."

ಅಮ್ಮ ಹೋದರು. ಅಪ್ಪ ರುದ್ರಯ್ಯನವರ ಶುಗರ್ ಮಾತ್ರ ಇಳಿಯಲೇ ಇಲ್ಲ... ಉಮಾಪತಿಯ ಹೆಂಡತಿ ಪುಷ್ಪಲತಾ ಮಕ್ಕಳಿಗೆಂದು ಮಾಡಿಟ್ಟ ಕೊಬ್ಬರಿ ಮಿಠಾಯಿ ಫ್ರಿಜ್ ಒಳಗೇ ಮಾಯವಾಗುತ್ತಿತ್ತು.

ಉಮಾಪತಿಗೆ ತುಮಕೂರಿನ ಒಂದು ಕಾರ್ಖಾನೆಯಲ್ಲಿ ಆಯಸ್ಕಾಂತದ ಬಲ ಅಳೆಯುವ ಸೆನ್ಸರ್‌ಗಳನ್ನು ಪರೀಕ್ಷಿಸುವ ಕೆಲಸ.

ಒಂದು ಸೆನ್ಸರ್ ತಂದು ಫ್ರಿಜ್‌ಗೆ ಅಂಟಿಸಿದ. ಬಾಗಿಲಿಗೊಂದು ಪುಟ್ಟ ಮ್ಯಾಗ್ನೆಟ್. ಅಪ್ಪ ಬಾಗಿಲು ತೆರೆದರೆ ಆಫೀಸಿನಲ್ಲಿ ಇವನ ಮೊಬೈಲ್ ಕೂಗಬೇಕು.

ಮೊದಲು ಅತಿ ವೇಗಕ್ಕೆ ಇಟ್ಟ. ಸೆಕೆಂಡಿಗೆ ನೂರಾರು ಸಲ ಅಳೆಯುತ್ತದೆ... ಆದರೆ ಎಲ್ಲ ಅವಸರದ ಅಳತೆ, ಒಂದೂ ನೆಟ್ಟಗಿಲ್ಲ. ಮಿಕ್ಸಿ ತಿರುಗಿದರೂ ಕೂಗು, ಗ್ಯಾಸ್ ಸಿಲಿಂಡರ್ ಸರಿಸಿದರೂ ಕೂಗು.

ಕೂಗಿದಾಗಲೆಲ್ಲ ಇವನ ಫೋನ್.
"ಅಪ್ಪಾ, ತಿಂದ್ಯಾ?"
"ಇಲ್ಲ ಕಣೋ."
ಟಕ್ ಅಂತ ಕಟ್.

ಪುಷ್ಪಲತಾಗೆ ರೋಸಿಹೋಯಿತು. "ಚಟ್ನಿ ರುಬ್ಬೋಕೂ ನಿಮ್ ಪರ್ಮಿಷನ್ ತಗೋಬೇಕಾ? ಇದಕ್ಕಿಂತ ನಮ್ಮತ್ತೆ ಕಣ್ಣೇ ವಾಸಿ ಇತ್ತು."

ಸರಿ, ನಿಧಾನಕ್ಕೆ ಇಟ್ಟ. ಈಗ ಸೆನ್ಸರ್ ಸಾವಿರಾರು ಅಳತೆಗಳ ಸರಾಸರಿ ತೆಗೆದು ಒಂದೇ ಉತ್ತರ ಕೊಡುತ್ತದೆ. ಕೂದಲೆಳೆಯಷ್ಟೂ ತಪ್ಪಿಲ್ಲ... ಆದರೆ ಬಾಗಿಲು ಪಟ್ಟನೆ ತೆರೆದು ಮುಚ್ಚಿದರೆ ಅದು ಆ ಸರಾಸರಿಯಲ್ಲೇ ಕರಗಿಹೋಗುತ್ತದೆ.

ಮೊಬೈಲ್ ತೆಪ್ಪಗಾಯಿತು. ಇವನೂ ಫೋನ್ ಮಾಡಲಿಲ್ಲ. ಅಪ್ಪ ಸುಧಾರಿಸಿದರು ಎಂದು ಖುಷಿಪಟ್ಟ.

ಒಂದು ಮಧ್ಯಾಹ್ನ, ಮರೆತುಬಂದ ಐಡಿ ಕಾರ್ಡಿಗಾಗಿ ಮನೆಗೆ ಬಂದ.

ಅಪ್ಪ ಫ್ರಿಜ್ ಮುಂದೆ... ಬಾಗಿಲು ತೆಗೆಯುತ್ತಾರೆ, ಮುಚ್ಚುತ್ತಾರೆ... ಸೆನ್ಸರ್ ತಲೆಗೊಂದು ಮೊಟಕುತ್ತಾರೆ... ಮತ್ತೆ ತೆಗೆಯುತ್ತಾರೆ. ಇನ್ನೊಂದು ಕೈಯಲ್ಲಿ ಮೊಬೈಲ್.

"ಸಿಕ್ಕಿಬಿದ್ದೆ ನೋಡು. ಎಷ್ಟ್ ತಿಂದೆ?"

"ತಿನ್ನೋದು ಹಾಳಾಗ್ಲಿ. ನಿನ್ ಮಿಷನ್ ಕೆಟ್ಟೋಗಿದೆ ಕಣೋ. ತೆಗೆದೂ ತೆಗೆದೂ ತೋಳು ನೋಯ್ತಿದೆ, ನಿನ್ ಫೋನೇ ಬರ್ತಿಲ್ಲ."

ಉಮಾಪತಿ ಡಬ್ಬಿ ತೆರೆದು ನೋಡಿದ. ಮಿಠಾಯಿ ತುಂಬಿದ್ದು ತುಂಬಿದಂತೆಯೇ ಇತ್ತು.

"ಮೊದಮೊದಲು ತಿನ್ನೋಕೇ ತೆಗೀತಿದ್ದೆ... ಆಮೇಲೆ, ತೆಗೆದ್ರೆ ನೀನ್ ಮಾತಾಡ್ತೀಯಲ್ಲ ಅಂತ."

ಉಮಾಪತಿ ಸ್ಟೂಲ್ ಎಳೆದುಕೊಂಡು ಕುಳಿತು, ಸೆನ್ಸರನ್ನು ನಡುವಿನ ವೇಗಕ್ಕೆ ಇಟ್ಟ. ಕಾರ್ಖಾನೆಯಲ್ಲಿ ಗಿರಾಕಿಗಳಿಗೆ ದಿನಾ ತಾನೇ ಉಪದೇಶ ಮಾಡುತ್ತಿದ್ದ ಸೆಟ್ಟಿಂಗ್ ಅದು.

"ಈಗ ಫೋನ್ ಬರುತ್ತಾ?"
"ಬರುತ್ತಪ್ಪ."
"ಬಂದ್ರೆ, ತಿಂದ್ಯಾ ಅಂತ ಕೇಳಿ ಇಟ್ಬಿಡ್ಬೇಡ. ಎರಡ್ ಮಾತು ಜಾಸ್ತಿ ಆಡು. ನಾನೇನ್ ಕಸ್ಟಮರ್ ಕೇರ್ ಅಲ್ಲ."

ಉಮಾಪತಿ ಒಂದು ಮಿಠಾಯಿ ಮುರಿದ. ಚಿಕ್ಕ ಚೂರನ್ನು ಅಪ್ಪನ ಕೈಗಿಟ್ಟು ಉಳಿದದ್ದನ್ನು ತಾನು ತಿಂದ.

ಅಮ್ಮನಿಗೆ ಕೊಟ್ಟ ಮಾತು ಅವತ್ತು ಮುರಿಯಿತು.

*

ಗಳಿಗೆಗೊಮ್ಮೆ ಇಣುಕಿದರೆ ಯಾವುದೂ ನೆಟ್ಟಗೆ ಕಾಣುವುದಿಲ್ಲ. ಯಾವಾಗಲೋ ಒಮ್ಮೆ ದಿಟ್ಟಿಸಿದರೆ ಎಷ್ಟೋ ತಪ್ಪಿಹೋಗುತ್ತದೆ.

ಇವತ್ತು ಮನೆಗೆ ಫೋನ್ ಮಾಡಿದಾಗ... ಉತ್ತರ ಪೂರ್ತಿ ಕೇಳುವಷ್ಟು ಹೊತ್ತು ನೀವು ಲೈನಿನಲ್ಲಿ ಇದ್ದಿರಾ?