ಕಾರಣ ತಿಳಿದುಬಂದಿದೆ

ನೀರಿನ ಶುದ್ಧತೆಯ ಬಗ್ಗೆ ಮಾತಾಡುತ್ತಿದ್ದ ಪ್ರಯೋಗಾಲಯದವರು "ಆದ್ದರಿಂದ..." ಎಂದವರೇ ವಾಕ್ಯ ಮುಗಿಸದೆ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದರು. ಅವರ ಹಿಂದೆಯೇ ಇಬ್ಬರು ನರ್ಸುಗಳು ಓಡಿದರು. ಪಾಪ, ಉಪಚಾರಕ್ಕೆ ಹೋದರೆಂದು ಉಳಿದವರು ತಿಳಿದರು. ಅವರೂ ವಾಂತಿಗೇ ಹೋಗಿದ್ದರು. ಸಾರ್ವಜನಿಕ ಆರೋಗ್ಯ ವೃತ್ತಿಪರರ ಸಂಘದ ಸ್ಥಳೀಯ ಶಾಖೆ ವಾರ್ಷಿಕ ಸಭೆಯ ಊಟ ಮುಗಿಸಿ ಇನ್ನೂ ಮೂರು ಗಂಟೆ ಆಗಿರಲಿಲ್ಲ. ಐದು ಹೊಡೆಯುವಷ್ಟರಲ್ಲಿ ಹತ್ತೊಂಬತ್ತು ಸದಸ್ಯರಲ್ಲಿ ಹನ್ನೊಂದು ಮಂದಿ ಬೆಂಚು, ಮೆಟ್ಟಿಲು, ಸಿಕ್ಕಸಿಕ್ಕಲ್ಲಿ ಕುಸಿದಿದ್ದರು. ಎಲ್ಲರೂ ಬಲ್ಲವರೇ. ಒಬ್ಬೊಬ್ಬರೂ ಪಕ್ಕದವರಿಗೆ ಉಪ್ಪು, ಸಕ್ಕರೆ, ನೀರಿನ ಅಳತೆ ಹೇಳುತ್ತಿದ್ದರು. ಕಲಸಿಕೊಡುವವರು ಮಾತ್ರ ಇರಲಿಲ್ಲ.

ಕಲಸಿಕೊಟ್ಟವಳು ಶಾಖೆಯ ಕಾರ್ಯದರ್ಶಿ, ಆಸ್ಪತ್ರೆಯ ಹಿರಿಯ ಸಿಸ್ಟರ್. ಆವತ್ತು ಬೆಳಿಗ್ಗೆಯಷ್ಟೇ ಮೂರನೆಯ ಸಲ ಅವಿರೋಧವಾಗಿ ಆಯ್ಕೆಯಾಗಿದ್ದಳು. ಅವಳಿಗೆ ಏನೂ ಆಗಿರಲಿಲ್ಲ.

"ಕ್ಯಾಂಟೀನಿನ ಮೊಟ್ಟೆಯೇ, ಸಂಶಯವೇ ಇಲ್ಲ," ಎಂದರು ಬಕೆಟ್ಟನ್ನು ಮೊಮ್ಮಗುವಿನಂತೆ ತಬ್ಬಿ ಕೂತಿದ್ದ ಅಧ್ಯಕ್ಷರು. ನಿವೃತ್ತ ಡಾಕ್ಟರು, ನಿವೃತ್ತರಾದದ್ದು ಕೆಲಸದಿಂದ, ಅಪ್ಪಣೆ ಕೊಡುವುದರಿಂದಲ್ಲ. "ಬೀಗ ಹಾಕ್ಸಿ ಅಂತ ಇವತ್ತೇ ಒಂದು ಕಾಗದ ಬರೆದುಬಿಡಿ."

"ಬರೀತೀನಿ ಸರ್. ಮೊದಲು ಯಾರ್ಯಾರು ಏನೇನು ತಿಂದ್ರು ಅಂತ ಪಟ್ಟಿ ಮಾಡ್ಕೊಂಡುಬಿಡ್ತೀನಿ. ಊರಿಗೆಲ್ಲ ನಾವೇ ಅಲ್ವಾ ಹಾಗೆ ಮಾಡಿ ಅನ್ನೋದು?"

"ಮಾಡಿ, ಮಾಡಿ," ಎಂದು ಅಧ್ಯಕ್ಷರು ಬಕೆಟ್ಟಿನೊಳಗೆ ಮುಖ ಮರೆಸಿದರು.

ಸಿಸ್ಟರಿಗೂ ಅನುಮಾನ ಕ್ಯಾಂಟೀನಿನ ಮೇಲೆಯೇ. ಅಲ್ಲಿನ ಒರೆಸುವ ಬಟ್ಟೆ ಅವಳಿಗೆ ಎಂದೂ ಹಿಡಿಸಿದ್ದಿಲ್ಲ. ಆದರೆ ಪಟ್ಟಿ ಬೇರೆಯೇ ರಾಗ ಎಳೆಯಿತು. ಮೊಟ್ಟೆ ಮುಟ್ಟದ ಐವರಲ್ಲಿ ಮೂವರು ನರಳುತ್ತಿದ್ದರು. ಎರಡೆರಡು ಮೊಟ್ಟೆ ಮುಗಿಸಿದ್ದ ಫಾರ್ಮಸಿಸ್ಟ್ ಕಾಲ ಮೇಲೆ ಕಾಲು ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ಕಸ್ಟರ್ಡ್ ತಿಂದ್ರಾ?"

"ಎಲ್ಲಿ ಸಿಸ್ಟರ್! ನನ್ನ ಸರದಿ ಬರೋಷ್ಟರಲ್ಲಿ ಪಾತ್ರೆ ಬಳಿದು ಇಟ್ಟಿದ್ರು. ನನ್ನ ಹಣೇಲಿ ಇರ್ಲಿಲ್ಲ ಬಿಡಿ."

ಕಸ್ಟರ್ಡ್ ತಿಂದವರು ಹನ್ನೆರಡು ಜನ. ಮಲಗಿದವರು ಹನ್ನೊಂದು. ಹನ್ನೆರಡನೆಯವರು ಸೊಳ್ಳೆ ನಿಯಂತ್ರಣದವರು. ಅವರು ಕಲ್ಲು ತಿಂದು ಕಲ್ಲು ಅರಗಿಸುವ ಪೈಕಿ.

ಕಸ್ಟರ್ಡ್ ಕ್ಯಾಂಟೀನಿನದಲ್ಲ. ಆಯ್ಕೆಯಾಗುವುದು ಹೇಗೂ ಖಚಿತವಿದ್ದುದರಿಂದ ಸಿಸ್ಟರ್ ತಾನೇ ಬೆಳಿಗ್ಗೆ ಎದ್ದು ಹಾಲು ಕಾಯಿಸಿ, ಆರಿಸಿ, ಹಣ್ಣು ಹೆಚ್ಚಿ ಬೆರೆಸಿ ಎಂಟಕ್ಕೆಲ್ಲ ತಂದಿಟ್ಟಿದ್ದಳು. ಕಚೇರಿಯ ಫ್ರಿಜ್ಜು ಲಸಿಕೆಗಷ್ಟೇ ಮೀಸಲು, ತಿಂಡಿ ಇಡಬಾರದೆಂದು ಚೀಟಿ ಅಂಟಿಸಿದವಳೂ ಅವಳೇ. ಹಾಗಾಗಿ ಪಾತ್ರೆ ಕಿಟಕಿ ಪಕ್ಕದ ಬಿಸಿಲಲ್ಲಿ ಒಂದೂವರೆಯವರೆಗೆ ಕೂತಿತ್ತು. ಬಡಿಸಿದವಳ ಪಾಲಿಗೆ ಒಂದು ಚಮಚವೂ ಉಳಿದಿರಲಿಲ್ಲ.

'ತಯಾರಿಸಿದವರು' ಎಂಬ ಕಡೆಯ ಅಂಕಣದಲ್ಲಿ ಬರೆಯಲು ಪೆನ್ನು ಒತ್ತಿದಳು. ಹೆಬ್ಬೆರಳು ಚುಳ್ಳೆಂದಿತು. ನೋಡಿದಳು. ಎರಡು ದಿನದಿಂದ ಪುರುಸೊತ್ತಿಲ್ಲವೆಂದು ಹಾಗೇ ಬಿಟ್ಟಿದ್ದ ಉಗುರುಸುತ್ತು, ತುದಿಯಲ್ಲಿ ಹಳದಿ ಕೀವು. ಇದೇ ಬೆರಳಲ್ಲಿ ಹಣ್ಣು ಹೆಚ್ಚಿದ್ದಳು, ಇದೇ ಕೈಯಲ್ಲಿ ಬೆರೆಸಿದ್ದಳು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೀವಿನ ಕೈಯಲ್ಲಿ ಅಡುಗೆ ಮುಟ್ಟಬಾರದೆಂದು ಎಷ್ಟು ಜನಕ್ಕೆ ಪಾಠ ಮಾಡಿದ್ದಳೋ ಲೆಕ್ಕವಿರಲಿಲ್ಲ.

"ಸರ್, ಕ್ಯಾಂಟೀನ್ ಅಲ್ಲ. ನಾನು," ಎಂದು ಬೆರಳು ಚಾಚಿದಳು.

ಅಧ್ಯಕ್ಷರು ಬೆರಳು ನೋಡಿದರು, ಅವಳನ್ನು ನೋಡಿದರು, ಆಚೀಚೆ ಯಾರಾದರೂ ಕೇಳಿಸಿಕೊಂಡರೇ ಎಂದು ನೋಡಿದರು. "ಮೆಲ್ಲಗೆ ಮಾತಾಡಿ! ಹೊರಗೆ ಗೊತ್ತಾದ್ರೆ ಶಾಖೆ ಮುಖ ಎಲ್ಲಿಡೋದು? 'ಕಾರಣ ತಿಳಿದುಬಂದಿಲ್ಲ' ಅಂತ ಬರೆದು ಕೈ ತೊಳ್ಕೊಳ್ಳಿ."

"ಹಾಗೆ ಬರೆದ್ರೆ ಜನ ಕ್ಯಾಂಟೀನ್ ಅಂತಲೇ ಓದ್ಕೊಳ್ತಾರೆ ಸರ್."

ಅಧ್ಯಕ್ಷರು ಇನ್ನೇನೋ ಹೇಳುವವರಿದ್ದರು. ಅಷ್ಟರಲ್ಲಿ ಹೊಟ್ಟೆ ಮತ್ತೆ ಕರೆಯಿತು.

ಸಿಸ್ಟರ್ ಒಂದೇ ಉಸಿರಿಗೆ ವರದಿ ಬರೆದು, ಕೆಳಗೆ ತನ್ನ ಸಹಿ ಹಾಕಿ, ಸೂಚನಾ ಫಲಕಕ್ಕೆ ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿದಳು. ಆಮೇಲೆ ಕ್ಯಾಂಟೀನಿಗೆ ನಡೆದಳು. ಎರಡು ಹೆಜ್ಜೆಗೊಮ್ಮೆ ವಾಪಸು ಹೋಗೋಣವೆನ್ನಿಸುತ್ತಿತ್ತು.

ಅಲ್ಲಿ ಒಲೆ ಆರಿತ್ತು. ಸುದ್ದಿ ಹಬ್ಬಿದ ಮೇಲೆ ಚಹಾಕ್ಕೂ ಒಬ್ಬರೂ ಬಂದಿರಲಿಲ್ಲ. ಕ್ಯಾಂಟೀನಿನ ಅಕ್ಕ ಪಾತ್ರೆಗಳನ್ನೆಲ್ಲ ಬೋರಲು ಹಾಕಿ, ಬೀಗ ಹಾಕುವವರ ದಾರಿ ಕಾಯುತ್ತ ಸ್ಟೂಲಿನ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ಅಕ್ಕಾ, ನಿನ್ನ ತಪ್ಪೇನಿಲ್ಲ. ನನ್ನ ಬೆರಳಿಂದ ಆಗಿದ್ದು. ಬೋರ್ಡಿನ ಮೇಲೆ ಬರೆದು ಹಾಕಿದೀನಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಸಿಸ್ಟರಿಗೆ ಹಗುರವಾಗುತ್ತಿತ್ತು.

"ತೋರ್ಸಿ," ಎಂದಳು ಅಕ್ಕ.

ನೋಡಿದ್ದೇ ಎದ್ದು ಒಲೆ ಹಚ್ಚಿದಳು. ನೀರು ಬಿಸಿ ಮಾಡಿ, ಒಂದು ಹಿಡಿ ಉಪ್ಪು ಹಾಕಿ, ತನ್ನ ಮೊಣಕೈ ಅದ್ದಿ ಹದ ನೋಡಿ, ಸಿಸ್ಟರಿನ ಹೆಬ್ಬೆರಳನ್ನು ಲೋಟದೊಳಗೆ ಹಿಡಿದಿಟ್ಟಳು.

"ಅಲ್ಲಮ್ಮ, ಡಾಕ್ಟ್ರು, ನರ್ಸು ಅಂತ ಅಷ್ಟು ಜನ ಬೆಳಿಗ್ಗೆಯಿಂದ ಒಟ್ಟಿಗೆ ಕೂತಿದ್ರಿ," ಎಂದಳು. "ಈ ಬೆರಳು ಒಬ್ಬರ ಕಣ್ಣಿಗೂ ಬೀಳ್ಲಿಲ್ವಾ?"