ಸದ್ದು ತೆಗೆದ ಮೇಲೆ

ಅಜ್ಜಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಚೆನ್ನಾಗಿದೆಯಪ್ಪ. ನುಡಿಸಿದ್ದು ಯಾರು?"

ಸೌಂಡ್ ಇಂಜಿನಿಯರ್, ಅವರನ್ನು ಸ್ಟುಡಿಯೋಗೆ ಕರೆತಂದಿದ್ದ ಅಳಿಯನ ಮುಖ ನೋಡಿದ. ಅಳಿಯ ಚಾವಣಿ ನೋಡಿದ.

"ಮಾವನೇ, ಅತ್ತೆ. ಅವರ ಜಾಝ್ ಪಿಯಾನೊ ಆಲ್ಬಮ್ಮು. ಕಂಪನಿಯವರು ಮತ್ತೆ ಬಿಡುಗಡೆ ಮಾಡ್ತಿದ್ದಾರೆ, ನೀವು ಹೂಂ ಅಂದರೆ ಇವತ್ತೇ ರೆಕಾರ್ಡ್ ಅಚ್ಚಿಗೆ ಹೋಗುತ್ತೆ. ದಾರೀಲಿ ಹೇಳಿದ್ನಲ್ಲ?"

"ನನ್ನ ತಲೆ ಇನ್ನೂ ನೆಟ್ಟಗಿದೆ. ಇದರಲ್ಲಿ ಅವರಿಲ್ಲ."

ಇಂಜಿನಿಯರನಿಗೆ ಒಳಗೇ ಉರಿಯಿತು. ಹಳೆಯ ಟೇಪನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಶುಚಿ ಮಾಡಿದ್ದ. ವಾದಕರ ಗುನುಗು, ಕುರ್ಚಿಯ ಕಿರ್ರು, ನೆಲಕ್ಕೆ ಬಡಿಯುವ ಹಿಮ್ಮಡಿ, ಮೂಲೆಯಲ್ಲೆಲ್ಲೋ ಇಲಿ ಕಿಚಗುಟ್ಟಿದಂಥ ಸದ್ದು, ಒಂದನ್ನೂ ಉಳಿಸಿರಲಿಲ್ಲ. ಆದರೂ ಒಂದು ಸಂಗತಿ ಅವನನ್ನು ಕೊರೆಯುತ್ತಿತ್ತು. ಈ ಆಲ್ಬಮ್ ಹಾಕಿಕೊಂಡರೆ ರಾಶಿ ಪಾತ್ರೆ ತೊಳೆಯುವುದೂ ಹಗುರ ಎಂದು ಜನ ಈಗಲೂ ಹೇಳುತ್ತಾರೆ. ಮೊದಲ ಸಲ ಕೇಳಿದಾಗ ಅವನ ಕಾಲೂ ಮೇಜಿನಡಿ ತಾನಾಗಿ ಕುಣಿದಿತ್ತು. ಈಚೆಗೆ ಕುಣಿಯುತ್ತಿರಲಿಲ್ಲ. ಕೇಳಿ ಕೇಳಿ ಹಳಸಿರಬೇಕು ಅಂದುಕೊಂಡು ಸುಮ್ಮನಾಗಿದ್ದ.

"ಅಮ್ಮ, ನಾನು ತೆಗೆದದ್ದು ಬರೀ ಗಲಾಟೆ. ಇಲಿಯೊಂದು ಓಡಾಡ್ತಿತ್ತು ಅನ್ಸುತ್ತೆ, ಅದನ್ನೂ ತೆಗೆದೆ. ಎರಡನೇ ಟ್ರ್ಯಾಕಲ್ಲಿ ಅವರು ಒಂದೇ ತಪ್ಪನ್ನ ಮೂರು ಸಲ ಮಾಡಿದ್ರು. ದೊಡ್ಡವರ ಹೆಸರು ಯಾಕೆ ಕೆಡಬೇಕು ಅಂತ ಸರಿಮಾಡಿದೆ."

"ಮೊದಲನೇದು ತಪ್ಪು," ಎಂದರು ಅಜ್ಜಿ. "ಆಮೇಲಿನ ಎರಡು ನನಗೆ."

"ನಿಮಗಾ?"

"ಅವರ ಬೆರಳು ಜಾರ್ತು. ಮೂಲೇಲಿ ಕೂತಿದ್ದೋಳು ತಡೀಲಾರದೆ ನಕ್ಕುಬಿಟ್ಟೆ. ಆ ಇಲಿ ನಾನೇ. ಬೇರೆಯವರಾಗಿದ್ರೆ ನಿಲ್ಲಿಸಿ ಬೈದು ಆಚೆ ಕಳಿಸ್ತಿದ್ರು. ಇವರು ಬೇಕಂತಲೇ ಮತ್ತೆ ಅದೇ ತಪ್ಪು ನುಡಿಸಿದ್ರು, ಇನ್ನೊಂದು ಸಲ ನಗಿಸೋಕೆ."

ಅಳಿಯ ಬೆರಗಾದ. "ಇಷ್ಟು ವರ್ಷ ಇದನ್ನ ಯಾರಿಗೂ ಹೇಳಲೇ ಇಲ್ವಲ್ಲ ಅತ್ತೆ."

"ಹೇಳೋದೇನು? ಅದರಲ್ಲೇ ಇತ್ತಲ್ಲ."

ಇಂಜಿನಿಯರ್, "ಇವತ್ತು ಅಚ್ಚಿಗೆ ಕಳಿಸೋಕಾಗಲ್ಲ ಸರ್. ಕಂಪನಿಯವರಿಗೆ ನಾನೇ ಹೇಳ್ತೀನಿ," ಎಂದು ಅಳಿಯನಿಗೆ ತಿಳಿಸಿ, ಶುಚಿ ಮಾಡುವ ಮೊದಲಿನ ಪ್ರತಿಯನ್ನು ಹುಡುಕಿ ತೆಗೆದು ಸ್ಪೀಕರಿಗೆ ಹಾಕಿದ.

ಕುರ್ಚಿ ಕಿರ್ರೆಂದಿತು. ಹಿಮ್ಮಡಿ ನೆಲಕ್ಕೆ ಬಡಿಯಿತು. ಯಾರೋ ಗುನುಗುತ್ತಾ ಪಿಯಾನೊದ ಮೇಲೆ ಓಡಿದರು. ಮೇಜಿನಡಿ ಇಂಜಿನಿಯರನ ಕಾಲು ಅಲ್ಲಾಡತೊಡಗಿತು. ಎರಡನೆಯ ಟ್ರ್ಯಾಕಿನ ಆ ಜಾಗ ಹತ್ತಿರವಾಗುತ್ತಿದ್ದಂತೆ ಅಜ್ಜಿ ಉಸಿರು ಬಿಗಿಹಿಡಿದರು. ರೆಕಾರ್ಡಿಂಗ್ ಕೆಡದಿರಲಿ ಎಂಬಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.