ನಾಲ್ಕು ಬೋಲ್ಟಿನ ಜಾಗ

"ಹ್ಞೂಂ ಅಂದುಬಿಡು ಹೆಲ್ವಿ, ಹಾಕಿಸಿಬಿಡ್ತೀನಿ," ಎನ್ನುತ್ತಾ ವೆಸಾ ಹಡಗಿನ ನಕ್ಷೆಯನ್ನು ಅವಳತ್ತ ತಳ್ಳಿದ. ಉತ್ತರದ ಬಾತ್ನಿಯಾ ಕೊಲ್ಲಿಯ ಮಂಜುಗಡ್ಡೆ ಒಡೆಯಲೆಂದು ಕಟ್ಟುತ್ತಿದ್ದ ಹೊಸ ಹಡಗಿಗೆ ಅವನೇ ಮುಖ್ಯ ಎಂಜಿನಿಯರ್. ನಕ್ಷೆ ಇವತ್ತು ಅಂತಿಮವಾಗಬೇಕು; ಆಮೇಲೆ ಒಂದು ಮೊಳೆಯನ್ನೂ ಬದಲಿಸುವಂತಿಲ್ಲ. ಚುಕ್ಕಾಣಿ ಕೋಣೆಯ ಗೋಡೆಯಲ್ಲಿ ಒಂದೇ ಒಂದು ಚೌಕ ಇನ್ನೂ ಖಾಲಿಯಿತ್ತು.

ಅದು ಸಂಶೋಧಕಿ ಹೆಲ್ವಿ ತನ್ನ ಪ್ರಯೋಗಾಲಯದಲ್ಲಿ ರೂಪಿಸಿದ ಯಂತ್ರದ ಜಾಗ. ಹಡಗಿನ ತಳದ ಅದುರನ್ನು ಆಲಿಸಿ ಮಂಜುಗಡ್ಡೆ ಎಷ್ಟು ದಪ್ಪವೆಂದು ಹೇಳುವ ಯಂತ್ರ. ಅವಳಿಗೆ ಅದರ ಹೊಳಹು ಕೊಟ್ಟವನು ಗಂಡ ತಾವಿ. ಕಪ್ತಾನನಾಗಿದ್ದ ಅವನು ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ನಿಂತು, ಬರೀ ಅಂಗಾಲಿನಿಂದಲೇ ಗಡ್ಡೆಯ ದಪ್ಪ ತಿಳಿಯುತ್ತಿದ್ದ. ಅವನು ತೀರಿಹೋದ ಮೇಲೆ, ಆ ಅಂಗಾಲನ್ನು ಹೇಗಾದರೂ ಮತ್ತೆ ಹಡಗು ಹತ್ತಿಸಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು. ಬರುವ ವರ್ಷ ಅವಳ ನಿವೃತ್ತಿ. ಇನ್ನೊಂದು ಹಡಗು ಕಟ್ಟುವುದು ಯಾವಾಗಲೋ ಏನೋ.

"ನಿಮ್ಮ ಪ್ರಯೋಗಾಲಯದ ಮಂಜಿನ ತೊಟ್ಟಿಯಲ್ಲಿ ಅದು ಒಂದು ಸಲಾನೂ ತಪ್ಪಿಲ್ವಲ್ಲ," ಎಂದ ವೆಸಾ.

"ತೊಟ್ಟಿಯ ಗಡ್ಡೆ ನಾವು ಹೇಳಿದ ಹಾಗೆ ಕೇಳುತ್ತೆ. ಸಮುದ್ರದ್ದು ಕೇಳ್ಬೇಕಲ್ಲ?"

"ಈ ಸಲ ಚಳಿಗಾಲವೇ ಕೈಕೊಡ್ತು. ಅದೇನು ನಿನ್ನ ತಪ್ಪಾ?"

ಆ ದೇಶದಲ್ಲಿ ಚಳಿಗಾಲವನ್ನು ಬೈಯದವರಿಲ್ಲ. ಈ ವರ್ಷ ಹೆಲ್ವಿಯೊಬ್ಬಳೇ ಚಳಿ ಬರಲಿ ಎಂದು ಕಿಟಕಿಯ ಬಳಿ ಕಾದಿದ್ದಳು. ಬಂದದ್ದು ಬರೀ ಮಳೆ. ಪರೀಕ್ಷೆಗೆಂದು ಯಂತ್ರ ಕಟ್ಟಿಕೊಂಡು ಹೋದ ದೋಣಿ ತೆಳು ಕೆನೆಯಂಥ ಗಡ್ಡೆಯಲ್ಲಿ ಸುತ್ತಾಡಿ ವಾಪಸಾಗಿತ್ತು.

"ದಪ್ಪ ಇರೋದನ್ನ ತೆಳು ಅಂತ ಅದು ಹೇಳಿಬಿಟ್ರೆ, ಕಪ್ತಾನ ನಂಬಿ ಪೂರ್ತಿ ವೇಗದಲ್ಲಿ ಹೋಗಿ ಗುದ್ದುತ್ತಾನೆ ವೆಸಾ. ಒಳಗೆ ಜನ ಇರ್ತಾರೆ."

ವೆಸಾ ಇಬ್ಬರಿಗೂ ಕಾಫಿ ಬಗ್ಗಿಸಿದ. "ಸಂಶೋಧಕರೆಲ್ಲ ಹಾಕು ಹಾಕು ಅಂತ ಪ್ರಾಣ ತಿಂತಾರೆ. ಬೇಡ ಅನ್ನೋದು ನನ್ನ ಕೆಲಸ. ಅದನ್ನೂ ನೀನೇ ಕಿತ್ಕೊಂಡ್ಯಲ್ಲ ಮಾರಾಯ್ತಿ."

ಅವಳಿಗೆ ನಗು ಬಂತು, ಹಿಂದೆಯೇ ಅಳುವೂ. ಹ್ಞೂಂ ಎಂಬುದು ನಾಲಗೆಯ ತುದಿಯಲ್ಲಿತ್ತು. ಕಾಫಿಯ ಜೊತೆ ಅದನ್ನು ನುಂಗಿ, "ಬೇಡ" ಎಂದಳು.

"ಜಾಗ ಮುಚ್ಚಲ್ಲ," ಎಂದ ವೆಸಾ, ನಕ್ಷೆಯನ್ನು ತನ್ನತ್ತ ಎಳೆದುಕೊಂಡು. "ನಾಲ್ಕು ಬೋಲ್ಟು, ಒಂದು ತಂತಿ ಬಿಟ್ಟಿರ್ತೀನಿ. ಪಕ್ಕಾ ಆದ ದಿನ ಯಾರಾದ್ರೂ ಬಂದು ಕೂರಿಸ್ಲಿ."

ಹಡಗು ಮೊದಲ ಯಾನಕ್ಕೆ ಹೊರಟಾಗ ಹೆಲ್ವಿ ನಿವೃತ್ತಳಾಗಿದ್ದಳು, ಅತಿಥಿಯಾಗಿ ಹತ್ತಿದಳು. ಹೊಟ್ಟೆ ಉರಿಸಲೆಂದೇ ಎಂಬಂತೆ ಆ ವರ್ಷ ಸಮುದ್ರ ಕಲ್ಲಾಗಿ ಹೆಪ್ಪುಗಟ್ಟಿತ್ತು. ಚುಕ್ಕಾಣಿ ಕೋಣೆಗೆ ಹೋದವಳ ಕಣ್ಣು ನೇರ ಆ ಚೌಕಕ್ಕೆ ಹೋಯಿತು. ಬೋಲ್ಟುಗಳ ಮೇಲೆ ಯಾರದೋ ಒದ್ದೆ ಉಣ್ಣೆಯ ಕಾಲುಚೀಲಗಳು ಒಣಗುತ್ತಿದ್ದವು.

"ಕ್ಷಮಿಸಿ, ನಂದೇ. ಜಾಗ ಖಾಲಿ ಇದೆಯಲ್ಲ ಅಂತ..." ಎಳೆಯ ಕಪ್ತಾನ ನಾಚಿ ಕೆಂಪಾಗಿ, ಅವನ್ನು ತೆಗೆಯಲು ಕೈ ಚಾಚಿದ.

ಅಷ್ಟರಲ್ಲಿ ತಳಕ್ಕೆ ಗಡ್ಡೆ ಬಡಿದು ನೆಲ ಅದುರಿತು.

"ಇರಲಿ ಬಿಡಿ," ಎಂದಳು ಹೆಲ್ವಿ, ಬಗ್ಗಿ ತನ್ನ ಬೂಟಿನ ದಾರ ಬಿಚ್ಚುತ್ತಾ. "ಸದ್ಯಕ್ಕೆ ಯಂತ್ರ ಅದೇ."